ಡಾಕ್ಟರಮ್ಮ ಕಲಿತ ನಾಲ್ಕು ವೇಗ

ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಕಿಟಕಿಯಿಂದ ಫ್ಲೈಯಿಂಗ್ ಕ್ಲಬ್ಬಿನ ರನ್‌ವೇ ಕಾಣುತ್ತಿತ್ತು. ಯಾರದೋ ಬಾಯಲ್ಲಿ ಕೈಯಿಟ್ಟುಕೊಂಡೇ, ಇಳಿಯುವ ಪುಟ್ಟ ವಿಮಾನಗಳ ಹೊಟ್ಟೆಯನ್ನು ಅವರು ವರ್ಷಗಟ್ಟಲೆ ನೋಡಿದ್ದರು. ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ ವರ್ಷ, ಐವತ್ತು ಹತ್ತಿರವಾಗುತ್ತಿದ್ದಾಗ, ಒಂದು ಭಾನುವಾರ ರಸ್ತೆ ದಾಟಿ ಹೋಗಿ ಹಾರಾಟ ಕಲಿಯಲು ಹೆಸರು ಬರೆಸಿಯೇ ಬಂದರು.

"ತಮಾಷೆಗಾ?" ಎಂದರು ಗಂಡ, ಪೇಪರು ಮಡಿಸುತ್ತ.

"ಅಲ್ಲ ರೀ."

ಗಂಡ ಪೇಪರನ್ನು ಮತ್ತೆ ಬಿಡಿಸಿದರು.

ಕಲಿಸುವವರು ಒಬ್ಬ ಹಳೆಯ ಪೈಲಟ್. ಎಲ್ಲರೂ ಅವರನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಅಳೆದು ತೂಗಿ ಮಾತಾಡುವ ಮನುಷ್ಯ. ಡಾಕ್ಟರಮ್ಮನಿಗೆ ಹಾರಾಟ ಬೇಗ ಕೈಗೆ ಹತ್ತಿತು. ತಲೆಗೆ ಹತ್ತದೆ ಉಳಿದದ್ದು ವೇಗದ ಪಾಠ. ಕಾರಿಗೆ ಒಂದೇ ವೇಗ, ವಿಮಾನಕ್ಕೆ ನಾಲ್ಕು! ಕಾಲೇಜಿನಲ್ಲಿ ನರಗಳ ಹೆಸರನ್ನು ಬಾಯಿಪಾಠ ಮಾಡಿದ ಹಾಗೆ ಇವನ್ನೂ ಉರು ಹೊಡೆದರು. ರೋಗಿಗಳ ದವಡೆ ಮರಗಟ್ಟುವ ತನಕ ಅವರ ಮುಂದೆಯೇ ಒಪ್ಪಿಸಿದರು. ಬಾಯಿ ತುಂಬ ಹತ್ತಿ ಇಟ್ಟುಕೊಂಡವರು ಬೇಡ ಎನ್ನುವುದಾದರೂ ಹೇಗೆ? ಒಬ್ಬ ವಕೀಲರು ಮಾತ್ರ ಹತ್ತಿ ತೆಗೆದು, "ಪಾಠ ಚೆನ್ನಾಗಿದೆ, ಹಲ್ಲು ಕೀಳೋದು ಯಾವಾಗ?" ಎಂದು ಕೇಳಿದರು.

ಒಂದು ಮಧ್ಯಾಹ್ನ ಗಾಳಿ ಜೋರಿತ್ತು. ಕ್ಯಾಪ್ಟನ್ ಪಕ್ಕದಲ್ಲಿ ಕೂತಿದ್ದರು. ಇಳಿಯುವ ಮೊದಲು ರನ್‌ವೇಗೆ ಸಮನಾಗಿ ಸಾಗಿ, ಆಮೇಲೆ ತಿರುಗಿ ಬರಬೇಕು. ಹಾಗೆ ಸಾಗುವಾಗ ಗಾಳಿ ಬೆನ್ನಿಗಿತ್ತು. ಕೆಳಗೆ ಚಾವಣಿ, ನೀರಿನ ಟ್ಯಾಂಕು, ರಸ್ತೆ ಎಲ್ಲ ಸರಸರ ಹಿಂದಕ್ಕೆ ಓಡತೊಡಗಿದವು. ವೇಗ ವಿಪರೀತವಾಯಿತು ಎಂದು ಹೆದರಿದ ಡಾಕ್ಟರಮ್ಮ ಎಂಜಿನ್ ಶಕ್ತಿ ತಗ್ಗಿಸಿ, ವಿಮಾನದ ಮೂತಿ ಎತ್ತಿದರು. ಕಣ್ಣೆದುರಿನ ವೇಗಮಾಪಕದ ಮುಳ್ಳು ಕೆಳಗಿಳಿಯುತ್ತಿದ್ದುದು ಕಾಣಲೇ ಇಲ್ಲ. ವೇಗ ಸಾಲದೆ ವಿಮಾನ ನಡುಗಿತು, ಎಚ್ಚರಿಕೆಯ ಪೀಪಿ ಕಿರುಚಿತು.

"ನಾನು ಹಿಡ್ಕೊಂಡೆ," ಎಂದ ಕ್ಯಾಪ್ಟನ್ ಮೂತಿ ತಗ್ಗಿಸಿ, ಎಂಜಿನ್ನಿಗೆ ಶಕ್ತಿ ಕೊಟ್ಟರು. ಪೀಪಿ ನಿಂತಿತು.

ಇಳಿದ ಮೇಲೆ ಅವರು ಕೇಳಿದರು: "ಯಾಕೆ ನಿಧಾನ ಮಾಡಿದ್ರಿ?"

"ನೆಲ ಓಡ್ತಿತ್ತು."

"ಓಡ್ಲಿ ಬಿಡಿ ಡಾಕ್ಟ್ರೇ. ರೆಕ್ಕೆ ಹಿಡ್ಕೊಂಡಿರೋದು ಗಾಳೀನ, ನೆಲಾನಲ್ಲ."

ಬೈದಿದ್ದರೆ ಸಹಿಸಬಹುದಿತ್ತು. ಡಾಕ್ಟರಮ್ಮ ಕ್ಲಬ್ಬಿಗೆ ಹೋಗುವುದನ್ನೇ ಬಿಟ್ಟರು. ಕ್ಲಿನಿಕ್ಕಿನ ಕಿಟಕಿಗೆ ಪರದೆ ಬಂತು.

ಮನೆಯಲ್ಲಿ ಇದನ್ನು ಗಮನಿಸಿದವರು ಅತ್ತೆ. ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಸುಲಿಯುತ್ತ, "ಈ ಭಾನುವಾರಾನೂ ಮನೇಲೇ ಇದ್ದೀಯಲ್ಲೇ? ಯಾರ ಮೇಲೆ ಮುನಿಸು?" ಎಂದರು.

"ಮುನಿಸಲ್ಲ ಅತ್ತೆ, ಭಯ." ಸೊಸೆ ನಡೆದದ್ದನ್ನೆಲ್ಲ ಹೇಳಿದಳು.

"ಅದೇನು ನಾಲ್ಕು ವೇಗ? ನನಗೂ ಅರ್ಥ ಆಗೋ ಹಾಗೆ ಹೇಳು."

"ಮುಳ್ಳು ತೋರ್ಸೋದು ಇಂಡಿಕೇಟೆಡ್. ರೆಕ್ಕೆ ಕೆಳಗೆ ಒಂದು ಕೊಳವೆ ಇರತ್ತೆ, ಅದಕ್ಕೆ ಗಾಳಿ ಎಷ್ಟು ಜೋರಾಗಿ ಹೊಡೀತಿದೆ ಅನ್ನೋ ಲೆಕ್ಕ. ಕೊಳವೆ ಇರೋ ಜಾಗದಿಂದ, ಯಂತ್ರದಿಂದ ಚೂರು ತಪ್ಪು ಬರತ್ತೆ; ಅದನ್ನ ತಿದ್ದಿದ್ರೆ ಕ್ಯಾಲಿಬ್ರೇಟೆಡ್. ಮೇಲೆ ಹೋದ ಹಾಗೆ ಗಾಳಿ ತೆಳು ಆಗತ್ತೆ, ಮುಳ್ಳು ಕಮ್ಮಿ ತೋರ್ಸತ್ತೆ. ಅದನ್ನೂ ಸರಿ ಮಾಡಿದ್ರೆ ಟ್ರೂ, ಗಾಳಿಯೊಳಗೆ ನಾವು ನಿಜವಾಗಿ ಹೋಗ್ತಿರೋ ವೇಗ. ಇನ್ನು ಆ ಗಾಳೀನೇ ನಮ್ಮನ್ನ ಮುಂದಕ್ಕೋ ಹಿಂದಕ್ಕೋ ತಳ್ಳತ್ತಲ್ಲ, ಅದನ್ನ ಸೇರ್ಸಿದ್ರೆ ಗ್ರೌಂಡ್ ಸ್ಪೀಡ್. ನೆಲದ ಮೇಲೆ ಎಷ್ಟು ಬೇಗ ಸಾಗ್ತೀವಿ ಅನ್ನೋದು."

"ಆ ಕೊನೇದು ಯಾತಕ್ಕೆ ಬೇಕು?"

"ಊರು ಯಾವಾಗ ಸೇರ್ತೀವಿ, ಇಂಧನ ಸಾಕಾಗತ್ತಾ ಅಂತ ತಿಳಿಯೋಕೆ."

"ಸರಿ. ಬೀಳದೆ ಇರೋಕೆ ಯಾವುದು ಬೇಕು?"

"ಅದಕ್ಕೆ ಮುಳ್ಳು ನೋಡಿದ್ರೆ..." ಎನ್ನುತ್ತ ಸೊಸೆ ಅರ್ಧಕ್ಕೇ ನಿಲ್ಲಿಸಿದಳು. ಹೆಸರುಗಳೆಲ್ಲ ಬಾಯಿಗೆ ಬಂದಿದ್ದವು; ಯಾವ ವೇಗ ಯಾವ ಪ್ರಶ್ನೆಗೆ ಉತ್ತರ ಎಂದು ಅವಳು ಒಮ್ಮೆಯೂ ಕೇಳಿಕೊಂಡಿರಲಿಲ್ಲ. "ಅತ್ತೆ, ಊರು ಸೇರೋ ವೇಗ ನೋಡಿ ಹೆದರಿ, ಬೀಳದೆ ಇರೋ ವೇಗಾನ ಕಮ್ಮಿ ಮಾಡ್ಬಿಟ್ಟೆ ನಾನು!"

"ಗೊತ್ತಾಯ್ತಲ್ಲ, ಇನ್ನು ಹೋಗು. ಮನೇಲಿ ಕೂತು ನನ್ನ ತಲೆ ತಿನ್ಬೇಡ."

ಮರುವಾರ ಡಾಕ್ಟರಮ್ಮ ಹೋದರು. ಕ್ಯಾಪ್ಟನ್ ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳಲಿಲ್ಲ. ಹೆಡ್‌ಫೋನ್ ಕೈಗೆ ಕೊಟ್ಟರು, ಅಷ್ಟೆ. ಲಿಖಿತ ಪರೀಕ್ಷೆಯಲ್ಲೂ ಪಾಸಾದರು. ಆಮೇಲೊಂದು ಬೆಳಿಗ್ಗೆ, ಹದವಾದ ಗಾಳಿಯಲ್ಲಿ, ಕ್ಯಾಪ್ಟನ್ ಬಾಗಿಲು ತೆಗೆದು ಕೆಳಗಿಳಿದರು. "ಒಂದು ಸುತ್ತು ಹಾಕಿ ಬನ್ನಿ. ನಾನು ಟೀ ಕುಡೀತಿರ್ತೀನಿ."

ಪಕ್ಕದ ಸೀಟು ಖಾಲಿ. ಗಾಳಿ ಬೆನ್ನಿಗೆ ಬಂದಾಗ ಕೆಳಗಿನ ಚಾವಣಿಗಳು ಮತ್ತೆ ಓಡಿದವು. ಎಂಜಿನ್ನಿನ ಶಕ್ತಿ ತಗ್ಗಿಸಲು ಬಲಗೈ ತುಡಿಯಿತು. ಡಾಕ್ಟರಮ್ಮ ಮುಳ್ಳನ್ನು ನೋಡಿದರು, ಇರಬೇಕಾದಲ್ಲೇ ಇತ್ತು. ಕೈ ಅಲುಗಿಸಲಿಲ್ಲ. ತಿರುಗಿ ಗಾಳಿಗೆ ಎದುರಾದಾಗ ನೆಲ ತಾನೇ ನಿಧಾನವಾಯಿತು. ಎರಡು ಸಲ ಪುಟಿದು ವಿಮಾನ ಇಳಿಯಿತು. ಕ್ಯಾಪ್ಟನ್ನರ ಟೀ ಹಾಗೆಯೇ ಆರಿಹೋಗಿತ್ತು.

ಲೈಸೆನ್ಸ್ ಬಂದ ಮೇಲೂ ಡಾಕ್ಟರಮ್ಮ ಹಲ್ಲು ಕೀಳುವುದನ್ನು ಬಿಡಲಿಲ್ಲ. ಗಂಡನನ್ನು ಮೊದಲ ಸಲ ಕೂರಿಸಿಕೊಂಡು ಪಕ್ಕದ ಊರಿಗೆ ಹೊರಟ ದಿನ ಗಾಳಿ ಎದುರಿಗಿತ್ತು. ಕೆಳಗಿನ ರಸ್ತೆಯಲ್ಲಿ ಒಂದು ಲಾರಿ ಅವರನ್ನು ಹಿಂದಿಕ್ಕಿ ಹೋಯಿತು.

"ಬಸ್ಸಿಗೇ ಹೋಗ್ಬಹುದಿತ್ತು ಕಣೇ," ಎಂದರು ಗಂಡ. ಆದರೆ ಕೆರೆಯೊಂದು ಕಂಡಾಗ ಕಿಟಕಿಯತ್ತ ವಾಲಿದರು. ಹಣೆ ಗಾಜಿಗೆ ಆನಿಸಿ ನೋಡುತ್ತಲೇ ಉಳಿದರು. ಹಿಂದಿರುಗುವಾಗ ಗಾಳಿ ಬೆನ್ನಿಗಿತ್ತು. ನೋಡನೋಡುತ್ತಿದ್ದಂತೆ ರನ್‌ವೇ ಎದುರಿಗೆ ಬಂತು.

"ಅಯ್ಯೋ, ಆಗ್ಲೇ ಬಂದ್ವಾ?" ಎಂದರು ಅವರು. "ಇನ್ನೊಂದು ಸುತ್ತು ಹಾಕೋಕಾಗತ್ತಾ?"

ಡಾಕ್ಟರಮ್ಮ ಇಂಧನ ನೋಡಿದರು. ಬೇಕಾದಷ್ಟಿತ್ತು.