ನೀಲಿ ಕುರ್ಚಿಯೊಳಗಿನ ಹಳದಿ ಹೊಲಿಗೆ

ದರ್ಜಿಗಳು ಬಿಸಾಡಿದ ಚೂರುಬಟ್ಟೆಯನ್ನು ಅಂಟಿನಲ್ಲಿ ಅದ್ದಿ, ಪದರದ ಮೇಲೆ ಪದರ ಹಾಕಿ, ಅಚ್ಚಿನಲ್ಲಿ ಬಿಗಿದು ಕುರ್ಚಿ ಮಾಡುವ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು ಚೂರಕ್ಕ. ಬಟ್ಟೆಯಲ್ಲಿ ಕುರ್ಚಿಯಂತೆ, ನಾಳೆ ಕಾಗದದಲ್ಲಿ ಮಂಚ ಮಾಡ್ತಾಳೆ ಎಂದು ಕಿಸಕ್ಕನೆ ನಕ್ಕವರೇ ಈಗ ಅವಳ ಬಾಗಿಲು ತಟ್ಟುತ್ತಾರೆ. ತಟ್ಟಲಿ ಬಿಡಿ.

ಗ್ರಂಥಾಲಯದವರು ಅಪ್ಪಟ ನೀಲಿ ಕುರ್ಚಿ ಕೇಳಿದ್ದರು. ಕೊನೆಗೆ ಬಟ್ಟೆ ಸಾಲಲಿಲ್ಲ.

"ರೀ, ಎಲ್ಲಿಂದಾದ್ರೂ ಒಂದಿಷ್ಟು ನೀಲಿ ತನ್ನಿ, ಅಂಟು ಒಣಗ್ತಿದೆ!" ಎಂದು ಗಂಡನನ್ನು ಅಟ್ಟಿದಳು. ಆತ ಕತ್ತರಿಸಿ ತಂದದ್ದನ್ನು ನೋಡದೆಯೇ ಅದ್ದಿ ಅಚ್ಚಿಗೆ ತುಂಬಿದಳು.

ಕುರ್ಚಿ ಒಣಗಿದ ಮೇಲೆ ಅದರ ಕೈಯನ್ನು ಉಜ್ಜುಕಾಗದದಿಂದ ಉಜ್ಜುತ್ತಿದ್ದಾಗ ಒಳಗಿನ ಪದರ ಮೇಲೆ ಬಂತು. ನೀಲಿಯ ನಡುವೆ ಹಳದಿ ನೂಲಿನ ಗೆರೆ. ನೀಲಿ ನೂಲು ಮುಗಿದು ಹಳದಿಯಲ್ಲೇ ಅವಳು ಅಂಚು ಹೊಲಿದದ್ದು ಒಂದೇ ಒಂದು ಫ್ರಾಕಿಗೆ, ತಂಗಿಯ ಫ್ರಾಕಿಗೆ. "ಅಕ್ಕಾ, ನೂಲಿಗೂ ಬರಗಾಲನಾ?" ಎಂದು ನಕ್ಕಿದ್ದ ಹುಡುಗಿ ಅದೇ ವರ್ಷ ಜ್ವರ ಬಂದು ಹೋದಳು. ಪೆಟ್ಟಿಗೆಯ ತಳದಲ್ಲಿ ಉಳಿದದ್ದು ಆ ಫ್ರಾಕು ಮಾತ್ರ. ಆಮೇಲೆ ಮದುವೆಯಾಗಿ ಬಂದ ಗಂಡನಿಗೆ ತಂಗಿಯ ವಿಷಯ ಗೊತ್ತು, ಫ್ರಾಕು ಗೊತ್ತಿಲ್ಲ.

ಇನ್ನಷ್ಟು ಉಜ್ಜಿದಳು. ಜೇಬಿನ ಮೂಲೆ ಕಂಡಿತು. ಅಷ್ಟರಲ್ಲಿ ಮೊದಲು ಕಂಡಿದ್ದ ಹೊಲಿಗೆಯ ತುದಿ ಸವೆದು ಹೋಯಿತು. ಕಾಣಬೇಕೆಂದರೆ ಉಜ್ಜಬೇಕು, ಉಜ್ಜಿದರೆ ಎಲ್ಲಾ ಧೂಳು. ಅಯ್ಯೋ, ಇದೆಂಥ ಶಿಕ್ಷೆ! ಬೆನ್ನ ಹಿಂದೆ ಯಾರೋ ಮೂಗು ಸುರ್ರೆಂದು ಎಳೆದಂತಾಯಿತು, ಜ್ವರದಲ್ಲಿ ಹುಡುಗಿ ಎಳೆಯುತ್ತಿದ್ದ ಹಾಗೇ. ತಿರುಗಿದಳು. ಯಾರೂ ಇಲ್ಲ. ಅಂಗೈಗೆ ಮೆತ್ತಿದ ನೀಲಿ ಧೂಳನ್ನು ಒರೆಸಿಕೊಳ್ಳಲು ಮನಸ್ಸಾಗಲಿಲ್ಲ.

ಗ್ರಂಥಾಲಯದ ಮೇಡಂ ಬಂದು ನೋಡಿದರು. "ಚೆನ್ನಾಗಿದೆ. ಈ ಕೈ ಮಾತ್ರ ಒರಟು, ಇನ್ನೊಂಚೂರು ಉಜ್ಜಿಬಿಡಿ."

"ಇನ್ನು ಉಜ್ಜಲ್ಲ. ಇದನ್ನ ಕೊಡೋದೂ ಇಲ್ಲ, ನಿಮಗೆ ಬೇರೆ ಮಾಡ್ಕೊಡ್ತೀನಿ."

ಮೇಡಂ ಗೊಣಗುತ್ತ ಹೋದರು. ಸಂಜೆ ಗಂಡ ದಣಿದು ಬಂದು ನೇರ ಆ ಕುರ್ಚಿಯತ್ತ ನಡೆದ.

"ಅಲ್ಲಿ ಕೂರಬೇಡಿ."

"ಯಾಕೇ?"

"ತಂಗಿ ಕೂತಿದಾಳೆ."

ಅವಳ ಬೆರಳು ಹಳದಿ ಗೆರೆಯ ಮೇಲಿತ್ತು. ಅವನಿಗೆ ಅರ್ಥವಾಯಿತು. "ಪೆಟ್ಟಿಗೆ ತಳದಲ್ಲಿತ್ತು ಕಣೇ, ಯಾವುದೋ ಹಳೇದು ಅಂತ..."

ಅವಳು ಬೈಯಲಿಲ್ಲ. ನೀಲಿ ತನ್ನಿ ಎಂದವಳು ತಾನೇ ಅಲ್ಲವೇ? ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಅವನು ಕುರ್ಚಿಯ ಮುಂದೆ ಪುಟ್ಟ ಕಾಲುಗಳಿಗೆ ಜಾಗ ಬಿಟ್ಟು ನೆಲದ ಮೇಲೆ ಕೂತ.