ಅಳಿವೆಯ ಆಚೆಗೆ ಪುಷ್ಪಕ್ಕನ ಹಸುರು ಕಯಾಕ್

ಹಂಗಾರಕಟ್ಟೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊಳೆಯ ಮೇಲೆ ತೆಳ್ಳಗೆ ಮಂಜು ಕವಿದಿದೆ. ದೋಣಿ ಕಟ್ಟುವ ಯಾರ್ಡಿನ ನಾಯಿಯೊಂದು ಯಾರೂ ಹೇಳದ ಕಾವಲು ಕಾಯುತ್ತ ಸುಮ್ಮನೆ ಬೊಗಳುತ್ತಿದೆ. ದಂಡೆಯಲ್ಲಿ ಬೋರಲು ಮಲಗಿಸಿದ ಕಯಾಕುಗಳನ್ನು ಪುಷ್ಪ ಒಂದೊಂದಾಗಿ ಮಗುಚುತ್ತಿದ್ದಾರೆ. ಚೂಡಿದಾರದ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ಅದರ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ತಲೆಗೆ ಸುತ್ತಿದ ಟವೆಲು, ಇಲ್ಲಿನವರ ಮಾತಲ್ಲಿ ಬೈರಾಸು. ಕಯಾಕನ್ನು ಅಲ್ಲಾಡಿಸಿ, ಒಳಗೆ ನೀರು ಕುಲುಕುವ ಸದ್ದು ಬಂದರೆ ಹಿಂಬದಿಯ ಬಿರಡೆ ತೆಗೆದು ಚೆಲ್ಲುತ್ತಾರೆ. ಆಮೇಲೆ ಸೀಟಿನ ಹಿಂದೆ ಮೀನಿನ ಕ್ರೇಟು, ಕ್ರೇಟಿಗೆ ಬಿಗಿದ ಪಿವಿಸಿ ಪೈಪಿನ ತುಂಡುಗಳಲ್ಲಿ ಗಾಳದ ರಾಡುಗಳು. ರಾಡಿಗೊಂದು ಹಗ್ಗದ ಬಳ್ಳಿ, ಪ್ಯಾಡಲಿಗೊಂದು ಬಳ್ಳಿ, ಗಾಳ ಬಿಡಿಸುವ ಪಕ್ಕಡಿಗೂ ಒಂದು ಬಳ್ಳಿ.

"ಕಟ್ಟಿದ್ದ್ ಮಾತ್ರ ನಮ್ದ್. ಕಟ್ದೆ ಇಟ್ಟದ್ದೆಲ್ಲ ಹೊಳಿದ್" ಎನ್ನುತ್ತಾರೆ ತಲೆ ಎತ್ತದೆ.

ಕಯಾಕುಗಳು ಅವರದಲ್ಲ. ಪಕ್ಕದ ತೆಂಗಿನ ತೋಟದ ಪ್ರವೀಣ್ ಅವರದು. ಮುಂಬಯಿಯಲ್ಲಿ ಹೋಟೆಲು ನಡೆಸಿ ಸಾಕಾಗಿ ಊರಿಗೆ ಬಂದ ಪ್ರವೀಣ್, ಹೊಳೆಬದಿಯಲ್ಲೊಂದು ಹೋಂಸ್ಟೇ ತೆರೆದು, ಗಾಳದ ಹುಚ್ಚಿನವರಿಗಾಗಿ ಈ ಪ್ಲಾಸ್ಟಿಕ್ ದೋಣಿಗಳನ್ನು ತರಿಸಿದರು. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಶನಿವಾರ, ಭಾನುವಾರ ಒಂದೂ ಖಾಲಿ ಇರುವುದಿಲ್ಲ. ಮಣಿಪಾಲದಿಂದ, ಮಂಗಳೂರಿನಿಂದ, ಬೆಂಗಳೂರಿನಿಂದ ಬರುವ ಇವರು ಹೊಟ್ಟೆಪಾಡಿನ ಮೀನುಗಾರರಲ್ಲ. ಒಂದು ಕೆಂಬೇರಿ ಮೀನು ಸಿಕ್ಕಿದರೆ ಫೋಟೊ ತೆಗೆದು, ಮುತ್ತು ಕೊಡುವುದೊಂದು ಬಾಕಿ, ಮತ್ತೆ ನೀರಿಗೇ ಬಿಟ್ಟು ಖುಷಿಯಲ್ಲಿ ಮನೆಗೆ ಹೋಗುವವರು. ಫೋಟೊದಲ್ಲಿ ಮೀನು ಇರುತ್ತದೆ, ಹಿಡಿದವರು ಇರುತ್ತಾರೆ. ಮುಂಜಾನೆ ಕಯಾಕು ಹೊತ್ತು ನೀರಿಗಿಳಿಸಿ, ಜೊತೆಗೆ ಹೋಗಿ, ಕರೆತಂದು, ಬಿಸಿಲೇರುವವರೆಗೆ ಸಿಹಿನೀರಿನಲ್ಲಿ ಉಪ್ಪು ತೊಳೆದು, ರೀಲಿಗೆ ಎಣ್ಣೆ ಬಿಡುವ ಪುಷ್ಪಕ್ಕ ಎಲ್ಲೂ ಇರುವುದಿಲ್ಲ. ಅದರ ಬಗ್ಗೆ ಅವರಿಗೆ ಬೇಸರವೂ ಇಲ್ಲ. ಬಿಸಿಲಲ್ಲಿ ಬೆಂದ ತಮ್ಮ ಮುಖ ಫೋಟೊಕ್ಕೆ ಹೇಳಿಸಿದ್ದಲ್ಲ ಎಂದು ನಗುತ್ತಾರೆ.

ಪುಷ್ಪ ಹುಟ್ಟಿದ್ದು ಬೈಂದೂರು ಬದಿಯ ಉಪ್ಪುಂದದ ಮೀನುಗಾರರ ಮನೆಯಲ್ಲಿ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಇಳಿತದ ಹೊತ್ತಿಗೆ ಸಣ್ಣ ದೋಣಿಯಲ್ಲಿ ಹೋಗಿ ಹೊಳೆಯ ಚಿಪ್ಪು ಹೆಕ್ಕಿ ಮಾರುತ್ತಿದ್ದರು. ಗಂಡ ಸುಧೀರ್ ಮಲ್ಪೆಯ ಬೋಟಿನಲ್ಲಿ ಕಲಾಸಿ, ಹೋದರೆ ವಾರಗಟ್ಟಲೆ ಕಡಲಿನಲ್ಲೇ. ಪ್ರವೀಣ್ ಇವರನ್ನು ಕರೆದದ್ದು ಹೋಂಸ್ಟೇಯ ಅಡುಗೆಗೆ. ಅಡುಗೆಮನೆಯಿಂದ ದಂಡೆಗೆ ದಾಟಿದ ಕತೆ ಕೇಳಿದರೆ ಪುಷ್ಪ ತಮ್ಮ ಮೇಲೆ ತಾವೇ ನಗಾಡಿಕೊಂಡು ಹೇಳುತ್ತಾರೆ.

ಅತಿಥಿಗಳು ಹೊಳೆಯ ಕೆಳಗಡೆ ಬಿಟ್ಟುಹೋದ ಕಯಾಕುಗಳನ್ನು ತಮ್ಮ ಸಣ್ಣ ದೋಣಿಯ ಹಿಂದೆ ಕಟ್ಟಿ ಮರಳಿ ತರುವ ಕೆಲಸ ಅವರಿಗೆ ಬಿತ್ತು. ಒಂದು ಸಂಜೆ ಹಾಗೆ ತರುವಾಗ, ಯಾರೋ ಮರೆತ ರಾಡಿನಿಂದ ದಾರ ಜಾರಿ ನೀರಲ್ಲಿ ಎಳೆದುಕೊಂಡು ಬರುತ್ತಿದ್ದದ್ದು ಗೊತ್ತೇ ಆಗಲಿಲ್ಲ. ಇದ್ದಕ್ಕಿದ್ದಂತೆ ರೀಲು ಕಿರ್ರೆಂದಿತು. ತಿರುಗಿ ನೋಡಿದರೆ ರಾಡು ಬಾಗಿ ನೀರು ಮುಟ್ಟಿದೆ. ಎಳೆದು ಎಳೆದು ತೋಳು ಸೋತ ಮೇಲೆ ಸಿಕ್ಕಿದ್ದು ಮೊಳದುದ್ದದ ಕೆಂಬೇರಿ. ಅದನ್ನು ನೀರಿಗೆ ಬಿಡುವ ಯೋಚನೆ ಅವರಿಗೆ ಬರಲೇ ಇಲ್ಲವಂತೆ. ಮನೆಯಲ್ಲಿ ಅಂದು ರಾತ್ರಿ ಅನ್ನಕ್ಕೆ ಅದರದ್ದೇ ಗಸಿ. ಮರುದಿನದಿಂದ ಕೆಲಸ ಮುಗಿದ ಮೇಲೆ ಒಂದು ರಾಡು ಹಿಡಿದು ಹೊಳೆಗಿಳಿಯುವುದು ಅಭ್ಯಾಸವಾಯಿತು.

ಗಾಳಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಮೀನಿಗೆ ಅವರು ಇಟ್ಟ ಹೆಸರು ‘ಸುಳ್ಳುಮೀನು’. ಅದನ್ನು ಹಿಂದೆ ಬಿಟ್ಟು ಪ್ಯಾಡಲ್ ಹಾಕುವಾಗ ಅವಸರ ಮಾಡಿದರೆ ಸುಳ್ಳುಮೀನು ಮೇಲೆದ್ದು ಸುಳ್ಳು ಬಯಲಾಗುತ್ತದೆ, ನಿಧಾನ ಮಾಡಿದರೆ ತಳದ ಬಲೆಚೂರಿಗೆ ಸಿಕ್ಕಿಬೀಳುತ್ತದೆ. ಗಾಳಿಯಿದ್ದ ದಿನ ಕಯಾಕು ಜೋರಾಗಿ ತೇಲಿಹೋಗದಂತೆ ಹಿಂದೊಂದು ಬಕೆಟು ಕಟ್ಟಿ ಬಿಡುತ್ತಾರೆ. ದೊಡ್ಡ ಮೀನು ಹಿಡಿದಾಗ ರಾಡನ್ನು ಕಯಾಕಿನ ಮೂತಿಯ ಕಡೆಗೇ ಇಟ್ಟು, ಮೀನು ಎಳೆದತ್ತ ಸಾಗಲು ಬಿಡಬೇಕು. ಪಕ್ಕಕ್ಕೆ ಜಗ್ಗಿದರೆ ಮೀನು ನಮ್ಮನ್ನು ಹಿಡಿದಂತೆಯೇ ಸರಿ.

ಇದೆಲ್ಲ ಬರುವ ಮೊದಲು ಅವರು ಮಾಡಿದ ಎಡವಟ್ಟೊಂದಿದೆ. ಚಿಪ್ಪು ಹೆಕ್ಕುವವರು ದೋಣಿಯನ್ನು ನೀರಿನ ಓಟಕ್ಕೆ ಅಡ್ಡಲಾಗಿ ಕಟ್ಟಿ ನಿಲ್ಲಿಸುತ್ತಾರೆ, ಒಂದೇ ಬದಿಯಲ್ಲಿ ಕುಳಿತು ಕೆಲಸ ಮಾಡಲು ಸಲೀಸು. ಕಯಾಕಿನ ಲಂಗರನ್ನು ಮೂತಿಗೋ ಬಾಲಕ್ಕೋ ಕಟ್ಟಬೇಕು, ಬದಿಗೆ ಮಾತ್ರ ಬೇಡ ಎಂದು ಪ್ರವೀಣ್ ಹೇಳಿದ್ದರು. ಇಪ್ಪತ್ತು ವರ್ಷ ಹೊಳೆಯಲ್ಲಿದ್ದವಳಿಗೆ ಮುಂಬಯಿಯಿಂದ ಬಂದವರು ಹೇಳುವುದೇ ಎಂದು ಪುಷ್ಪ ಬದಿಗೇ ಕಟ್ಟಿದರು. ಇಳಿತದ ನೀರು ಒಂದೇ ನೂಕಿಗೆ ಕಯಾಕನ್ನು ಮಗುಚಿ ಹಾಕಿತು.

"ನಾ ಎದ್ದ್ ಕಾಂತೆ, ಪ್ರವೀಣಣ್ಣ ದಂಡಿ ಮೇಲ್ ನಿಂತಿದ್ರ್. ಒಂದ್ ಮಾತ್ ಹೇಳ್ಲಿಲ್ಲೆ. ಹೇಳಿದ್ರೇ ಲಾಯ್ಕಿದ್ದಿತ್" ಎಂದು ಬಾಯಿಗೆ ಬೈರಾಸು ಒತ್ತಿ ನಗುತ್ತಾರೆ. ಈಗ ಹೊಸಬರಿಗೆ ಮೊದಲು ಕಲಿಸುವುದು ಮಗುಚಿದ ಮೇಲೆ ಹತ್ತುವುದನ್ನೇ: ಮೊದಲು ಹೊಟ್ಟೆ, ಆಮೇಲೆ ಸೊಂಟ, ಕೊನೆಗೆ ಕಾಲು.

ಹೊಳೆಯಲ್ಲಿ ಇಷ್ಟೆಲ್ಲ ಬಲ್ಲ ಪುಷ್ಪ ಕಡಲಿಗೆ ಹೋಗುವುದಿಲ್ಲ. ಅತಿಥಿಗಳನ್ನು ಹೊಳೆ ಕಡಲು ಸೇರುವ ಅಳಿವೆಯ ಬಾಗಿಲವರೆಗೆ ಕರೆದೊಯ್ದು, ಅಲ್ಲಿಂದಾಚೆಗೆ ಕೀರ್ತನ್ ಎಂಬ ಯುವಕನಿಗೆ ಒಪ್ಪಿಸಿ, ಒಳನೀರಿನಲ್ಲಿ ಕಾದು ಕುಳಿತಿರುತ್ತಾರೆ. ಹೆದರಿಕೆಯಿಂದಲ್ಲ. ಅವರ ಮನೆಯಲ್ಲಿ ಎರಡು ಕಟ್ಟಳೆಗಳಿವೆ. ಪೂಜೆಯಾಗದ ದೋಣಿ ಅಳಿವೆ ದಾಟಬಾರದು. ಪೂಜೆಯಾದ ದೋಣಿಯನ್ನು ಮನೆಯ ಹೆಂಗಸರು ಹತ್ತಬಾರದು. ಹೀಗಾಗಿ ಪ್ರತಿ ವರ್ಷ ಆಯುಧ ಪೂಜೆಯ ದಿನ ಪ್ರವೀಣ್ ಕಾರು, ಬೈಕು, ಕಯಾಕುಗಳಿಗೆಲ್ಲ ಹೂ ಮುಡಿಸಿ ಕುಂಕುಮ ಇಡುವಾಗ, ಪುಷ್ಪ ಒಂದು ಹಸುರು ಕಯಾಕನ್ನು ಮಾತ್ರ ಸೌದೆ ಕೊಟ್ಟಿಗೆಯ ಹಿಂದೆ ಎಳೆದಿಡುತ್ತಾರೆ. ಅದಕ್ಕೆ ಪೂಜೆಯಿಲ್ಲ, ಆದ್ದರಿಂದ ಅವರು ಹತ್ತಬಹುದು. ಪೂಜೆಯಿಲ್ಲ, ಆದ್ದರಿಂದ ಅದು ಕಡಲಿಗೆ ಹೋಗುವಂತಿಲ್ಲ. ಮಿಕ್ಕ ಕಯಾಕುಗಳನ್ನು ಅವರು ತೊಳೆಯುತ್ತಾರೆ, ಹೊರುತ್ತಾರೆ, ಕೂರುವುದಿಲ್ಲ.

ಆಸೆ ಇಲ್ಲವೇ ಎಂದರೆ ಮರೆಮಾಚುವುದಿಲ್ಲ. ಒಂದೇ ಒಂದು ಸಲ ಆಚೆ ಹೋಗಿ ಕಡಲಲ್ಲಿ ಗಾಳ ಹಾಕಬೇಕು, ತವರಿನಲ್ಲಿ ಅಪ್ಪನ ಬಾಯಲ್ಲಿ ಕೇಳಿದ್ದನ್ನೆಲ್ಲ ಕಣ್ಣಾರೆ ಕಾಣಬೇಕು ಎಂಬುದು ಅವರ ಬಹುಕಾಲದ ಬಯಕೆ. ಗಂಡನನ್ನು ಕೇಳಿದರೆ ಅಪ್ಪನನ್ನು ಕೇಳು ಎನ್ನುತ್ತಾರೆ. ಮಾವನನ್ನು ಕೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ನಾನು ಹೋಗುವ ಹಿಂದಿನ ವಾರವಷ್ಟೇ ಒಂದು ಘಟನೆ ನಡೆದಿತ್ತು. ಅಳಿವೆಯ ಆಚೆಗೆ ಹೋದ ಅತಿಥಿಯೊಬ್ಬರ ಕಯಾಕು ಮಗುಚಿತು. ಕೀರ್ತನ್ ಇನ್ನೊಬ್ಬರ ಜೊತೆ ದೂರದಲ್ಲಿದ್ದ. ಹತ್ತಿರ ಇದ್ದವರು ಪುಷ್ಪ ಒಬ್ಬರೇ. ಪೀಪಿ ಊದಿದರು, ಪ್ಯಾಡಲ್ ಎತ್ತಿ ಬೀಸಿದರು, ಮುಂದೆ ಹೋಗಲಿಲ್ಲ. ಕೀರ್ತನ್ ಬಂದು ನೀರಿಗೆ ಬಿದ್ದವರನ್ನು ಎತ್ತಿ ಕೂರಿಸಿದ. ಯಾರಿಗೂ ಏನೂ ಆಗಲಿಲ್ಲ, ಅತಿಥಿ ಮಧ್ಯಾಹ್ನ ಹೊಟ್ಟೆತುಂಬ ಉಂಡೇ ಹೋದರು. ಉಣ್ಣದೆ ಮಲಗಿದವರು ಪುಷ್ಪ.

"ಅವ್ರ್ ಅಲ್ಲ್ ನೀರಂಗೆ ಕೈ ಎತ್ತತಿದ್ರ್, ನಾನ್ ಇಲ್ಲ್ ಕೂಕಂಡ್ ಪೀಪಿ ಊದ್ತಿದ್ದೆ. ನಂಗೆ ನನ್ ಮೇಲೇ ಹೇಸಿಗಿ ಆಯ್ತ್" ಎನ್ನುತ್ತಾರೆ. ಅಂದು ರಾತ್ರಿ ಮಾವನಿಗೆ ಎಲ್ಲವನ್ನೂ ಹೇಳಿದರಂತೆ. ಮಾವ ಕೇಳಿ ಎದ್ದು ಹೋದರಂತೆ.

ಮಾವ ತಿಮ್ಮ ಅವರನ್ನು ನಾನು ಜಗಲಿಯಲ್ಲಿ ಕಾಣುತ್ತೇನೆ. ಹಿಂದೆ ದೋಣಿಯ ತಾಂಡೇಲರಾಗಿ ತಂಡವನ್ನು ನಡೆಸಿದವರು, ಈಗ ಮಂಡಿನೋವು. ಕಟ್ಟಳೆಯ ಬಗ್ಗೆ ಕೇಳಿದರೆ ಮೊದಲು, ಮುಂಚಿನಿಂದ ಹಾಗೆಯೇ ಎಂದಷ್ಟೇ ಹೇಳುತ್ತಾರೆ. ಚಹಾ ಮುಗಿದ ಮೇಲೆ ಇನ್ನೊಂದು ಮಾತು ಬರುತ್ತದೆ. "ಗಂಡ್ಸ್ ಕಡ್ಲಂಗೆ ಇಪ್ಪ ಹೊತ್ತಿಗೆ ಹೆಂಗ್ಸೂ ಕಡ್ಲಂಗೆ ಇದ್ರೆ ಹ್ಯಾಂಗೆ? ಮನಿಯಂಗೆ ಒಬ್ರಾರೂ ಉಳೀಕಲ್ದಾ?" ಎಂದು ನನ್ನನ್ನೇ ಕೇಳುತ್ತಾರೆ. ಇದು ಮೈಲಿಗೆಯ ಮಾತಲ್ಲ, ಕಡಲು ಕಂಡವರ ಭಯ ಎಂದು ಮಾತ್ರ ಅರ್ಥವಾಗುತ್ತದೆ. ಹಾಗಾದರೆ ಮುಳುಗುವವರನ್ನು ಕಂಡೂ ದೋಣಿ ತಿರುಗಿಸಿ ಹೋಗಿಬಿಡಬಹುದೇ ಎಂದು ಕೇಳಿದಾಗ ಅವರು ಥಟ್ಟನೆ ಇಲ್ಲ ಎನ್ನುತ್ತಾರೆ, ಆಮೇಲೆ ತುಂಬ ಹೊತ್ತು ಬೀಡಿ ಹಚ್ಚುವುದರಲ್ಲೇ ಮಗ್ನರಾಗುತ್ತಾರೆ.

ಮುಂದಿನ ಭಾನುವಾರ ಈ ಬರಹದ ಫೋಟೊಕ್ಕೆಂದು ನಾನು ಮತ್ತೆ ಹಂಗಾರಕಟ್ಟೆಗೆ ಹೋದರೆ, ದಂಡೆಯಲ್ಲಿ ತಿಮ್ಮ ನಿಂತಿದ್ದಾರೆ. ಒಗೆದ ಪಂಚೆ, ಹೆಗಲಿಗೆ ಶಾಲು, ಕೈಚೀಲದಲ್ಲಿ ಹಣ್ಣುಕಾಯಿ, ಊದಿನಕಡ್ಡಿ. ಪುಷ್ಪ ಹಸುರು ಕಯಾಕಿನ ಪಕ್ಕ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಾರೆ. ಇದಕ್ಕೂ ಪೂಜೆಯಾಗಿಬಿಟ್ಟರೆ ಹೊಳೆಯೂ ತಪ್ಪಿತಲ್ಲ ಎಂಬ ಆತಂಕ ನನಗೂ ತಟ್ಟುತ್ತದೆ.

"ಹೆಣೆ, ನೀ ಮೊದ್ಲ್ ಹತ್ತಿ ಕೂಕೋ" ಎನ್ನುತ್ತಾರೆ ತಿಮ್ಮ. ಪುಷ್ಪ ಅರ್ಥವಾಗದೆ ನೋಡುತ್ತಾರೆ. "ಪೂಜಿ ಆದ ದೋಣಿಗೆ ನೀ ಹತ್ತೂಕಾಗ, ಅದ್ ಹೌದ್. ನೀ ಹತ್ತಿ ಕೂಕಂಡ್ ದೋಣಿಗೆ ಪೂಜಿ ಮಾಡೂಕಾಗ ಅಂದೇಳಿ ಯಾರೂ ಹೇಳ್ಲಿಲ್ಲೆ."

ಕೋರ್ಟಿನಲ್ಲಿ ಇಂಥ ವಾದ ಮಾಡಿಸಲು ಜನ ದುಡ್ಡು ಕೊಡುತ್ತಾರೆ. ಪುಷ್ಪ ಹತ್ತಿ ಕೂರುತ್ತಾರೆ. ಪ್ಲಾಸ್ಟಿಕ್ಕಿಗೆ ಕುಂಕುಮ ಹಿಡಿಯುವುದಿಲ್ಲ, ತಿಮ್ಮ ಬೆರಳು ಒದ್ದೆ ಮಾಡಿ ಮಾಡಿ ಇಡುತ್ತಾರೆ. ಕಾಯಿಯನ್ನು ಮೂತಿಗೆ ಹೊಡೆಯಲು ಎತ್ತಿದವರು, ಕಯಾಕೇ ಒಡೆದೀತೆಂದು ಅನುಮಾನಿಸಿ ಮೆಟ್ಟಿಲ ಕಲ್ಲಿಗೆ ಹೊಡೆಯುತ್ತಾರೆ. ಕಾಯಿಯ ನೀರನ್ನು ಮೂತಿಗೆ ಚಿಮುಕಿಸುವಾಗ ನಾಲ್ಕು ಹನಿ ಸೊಸೆಯ ಕಾಲಿಗೂ ಬೀಳುತ್ತದೆ. ಪುಷ್ಪ ಅಳುತ್ತಿದ್ದಾರೆ. ನೋಡದವರಂತೆ ನಾವೆಲ್ಲ ಹೊಳೆಯ ಕಡೆ ತಿರುಗುತ್ತೇವೆ.

ಇಳಿತ ನಿಂತು ಉಬ್ಬರ ಹುಟ್ಟುವ ಹೊತ್ತು ನೋಡಿ ಹೊರಡಬೇಕು. ಇಳಿತದ ನೀರಿಗೆ ಕಡಲ ಅಲೆ ಎದುರಾದರೆ ಅಳಿವೆಯ ಬಾಗಿಲಲ್ಲಿ ನೀರು ಎದ್ದು ನಿಲ್ಲುತ್ತದೆ. ತಿಮ್ಮ, ನಾನು, ಪ್ರವೀಣ್ ಜೀಪಿನಲ್ಲಿ ಅಳಿವೆಬದಿಯ ಮರಳಿಗೆ ಹೋಗುತ್ತೇವೆ. ಕೀರ್ತನ್ ಮುಂದೆ, ಪುಷ್ಪ ಹಿಂದೆ. ದೊಡ್ಡ ಅಲೆಯೊಂದು ಬಂದು ಮುರಿಯುವವರೆಗೆ ಇಬ್ಬರೂ ಪ್ಯಾಡಲ್ ಅಡ್ಡ ಹಿಡಿದು ಕಾಯುತ್ತಾರೆ, ಅದರ ಬೆನ್ನಿಗೇ ನುಗ್ಗುತ್ತಾರೆ. ಹಸುರು ಮೂತಿ ಒಮ್ಮೆ ಆಕಾಶ ನೋಡಿ ಕೆಳಗಿಳಿಯುತ್ತದೆ, ಮತ್ತೊಮ್ಮೆ ಏಳುತ್ತದೆ, ಆಮೇಲೆ ಸಪಾಟು ನೀರಿನಲ್ಲಿ ಸಣ್ಣದಾಗುತ್ತ ಹೋಗುತ್ತದೆ.

ತಿಮ್ಮ ಕೂರುವುದಿಲ್ಲ. ಪ್ರವೀಣ್ ತಂದ ಬನ್ಸ್ ಬೇಡ, ಚಹಾ ಬೇಡ. ಹಚ್ಚಿದ ಬೀಡಿ ಸೇದದೆ ಕೈಯಲ್ಲೇ ಆರುತ್ತದೆ. ಅಲೆಯ ಮರೆಗೆ ಹಸುರು ಚುಕ್ಕೆ ಕಾಣದಾದಾಗಲೆಲ್ಲ ಎರಡು ಹೆಜ್ಜೆ ನೀರಿನ ಕಡೆ ಹೋಗುತ್ತಾರೆ, ಕಂಡ ಮೇಲೆ ಹಿಂದೆ ಬರುತ್ತಾರೆ. ಪುಷ್ಪ ಚೆನ್ನಾಗಿಯೇ ಪ್ಯಾಡಲ್ ಹಾಕುತ್ತಿದ್ದಾರೆಂದು ನಾನು ಸಮಾಧಾನ ಹೇಳಿದರೆ ಕೇಳಿಸಿಕೊಂಡಂತೆ ಕಾಣುವುದಿಲ್ಲ.

ಬಿಸಿಲು ಬಲಿತ ಮೇಲೆ ಪುಷ್ಪ ಮರಳಿ ಬರುತ್ತಾರೆ. ಬೈರಾಸು ಹಾರಿಹೋಗಿದೆ, ಕೂದಲೆಲ್ಲ ಉಪ್ಪು. ಕ್ರೇಟಿನಲ್ಲಿ ನಾಲ್ಕಾರು ಬಂಗುಡೆ, ಸುಳ್ಳುಮೀನಿಗೆ ಮೋಸಹೋದ ಒಂದು ಎಳೆ ಅಂಜಲ್. ಅಂಜಲನ್ನು ಎರಡೂ ಕೈಯಲ್ಲಿ ಎತ್ತಿ ಮಾವನ ಮುಂದೆ ಹಿಡಿಯುತ್ತಾರೆ. ತಿಮ್ಮ ಮೀನು ನೋಡುವುದಿಲ್ಲ.

"ನಿನ್ ಅತ್ತಿ ಇದೇ ಮರಳಂಗೆ ನಿಂತ್ ಕಾಯ್ತಿದ್ಲ್. ನಾ ಬಂದವನೇ, ಎಂತಕ್ ಬಂದೆ, ಮನಿಯಂಗೆ ಕೆಲ್ಸ ಇಲ್ಯಾ ಅಂದೇಳಿ ಬೈತಿದ್ದೆ" ಎನ್ನುತ್ತಾರೆ. ಆರಿದ ಬೀಡಿಯನ್ನು ಎಸೆದು, "ಕಾಯುದ್ ಎಷ್ಟ್ ಕಷ್ಟ ಅಂದೇಳಿ ನಂಗೆ ಇವತ್ ಗೊತ್ತಾಯ್ತ್" ಎಂದು ಜೀಪಿನ ಕಡೆ ನಡೆಯುತ್ತಾರೆ.

ಅತ್ತೆ ತೀರಿಕೊಂಡು ವರ್ಷಗಳಾದವು. ಪುಷ್ಪ ಅಂಜಲನ್ನು ಮತ್ತೆ ಕ್ರೇಟಿಗೆ ಹಾಕುತ್ತಾರೆ.

ಮಧ್ಯಾಹ್ನ ಹೋಂಸ್ಟೇಯ ನಲ್ಲಿಯ ಬುಡದಲ್ಲಿ ಎಂದಿನಂತೆ ರೀಲು ತೊಳೆಯುತ್ತ ಕುಳಿತಿದ್ದಾರೆ. ಮುಂದಿನ ಭಾನುವಾರ ಕಯಾಕು ಹತ್ತುವ ಮೊದಲು ಹಳೆಯ ಕುಂಕುಮ ಒರೆಸಿ, ಹತ್ತಿ ಕೂತ ಮೇಲೆ ಹೊಸದಾಗಿ ಪೂಜೆ ಮಾಡುವುದೆಂದು ಮಾವ ತೀರ್ಮಾನಿಸಿಯಾಗಿದೆ. ತನ್ನ ತೋಟದ ಕಾಯಿ ಇನ್ನು ಉಳಿದ ಹಾಗೆಯೇ ಎಂದು ಪ್ರವೀಣ್ ತಮಾಷೆ ಮಾಡುತ್ತಾರೆ. ಪಾಪ, ವಯಸ್ಸಾದವರು, ವಾರವಾರವೂ ಆ ಮರಳಿನಲ್ಲಿ ನಿಂತು ಕಾಯಬೇಕಲ್ಲ ಎಂದು ನಾನು ಹೇಳುತ್ತೇನೆ. ಪುಷ್ಪ ರೀಲಿನ ಹಿಡಿ ತಿರುಗಿಸಿ, ಕಿವಿಗೆ ಹಿಡಿದು, ಸದ್ದು ಸರಿಯಿದೆಯೆಂದು ಖಾತ್ರಿಪಡಿಸಿಕೊಂಡು ಪಕ್ಕಕ್ಕಿಡುತ್ತಾರೆ.

"ಮದಿ ಆಯ್ ಈ ಮನಿಗ್ ಬಂದಾಗಿಂದ ನಾನ್ ಕಾದದ್ದೇ ಅಲ್ದಾ. ಇನ್ನ್ ಸ್ವಲ್ಪ ದಿನ ಅವ್ರ್ ಕಾಯ್ಲಿ."