ಬೀಳುವ ಕುದುರೆಗೆ ಹಾಸಿಗೆ ಹಾಸುವವರು

ಬೆಟ್ಟದ ಅಂಚು ಇನ್ನೂ ಕೆಂಪಾಗಿಲ್ಲ. ನ್ಯೂ ಮೆಕ್ಸಿಕೋದ ಈ ಬಯಲಿನಲ್ಲಿ ಯುಸೇಬಿಯೊ ಆರ್ಚುಲೆಟಾ ಮಂಡಿಯೂರಿ, ಮೊಣಕೈವರೆಗೆ ಮಣ್ಣಿನೊಳಗೆ ಕೈ ತೂರಿಸಿ ಕಲ್ಲು ಹುಡುಕುತ್ತಿದ್ದಾರೆ. ಕಾಳಿನಷ್ಟು ಚಿಕ್ಕದು ಸಿಕ್ಕರೂ ಬಕೆಟ್ಟಿಗೆ ಹಾಕುತ್ತಾರೆ. ಚಳಿಗೆ ಬೆರಳು ಮರಗಟ್ಟಿವೆ, ಆದರೂ ಕೈಗವಸು ಹಾಕುವುದಿಲ್ಲ. "ಕೈಗವಸಿಗೆ ಕಲ್ಲು ಗೊತ್ತಾಗಲ್ಲ" ಎನ್ನುತ್ತಾರೆ.

ಇಲ್ಲಿ ಆರು ಕಂತಿನ ಟಿವಿ ಧಾರಾವಾಹಿಯೊಂದರ ಮೂರನೇ ಕಂತಿನ ಚಿತ್ರೀಕರಣ ನಡೆಯುತ್ತಿದೆ. 1878ರ ಕಥೆ. ಟಪಾಲು ಹೊತ್ತ ಸವಾರ ಗುಂಡೇಟು ತಿಂದು, ಓಡುವ ಕುದುರೆ ಸಮೇತ ಉರುಳಬೇಕು. ತೆರೆಯ ಮೇಲೆ ಮೂರೇ ಸೆಕೆಂಡು. ಅದಕ್ಕಾಗಿ ಯುಸೇಬಿಯೊ ಎರಡು ದಿನ ಕೂತು ಹದಿನೆಂಟು ಅಡಿ ಉದ್ದದ ಗುಂಡಿ ತೋಡಿ, ಮರಳು, ಮರದ ಹೊಟ್ಟು ತುಂಬಿ, ಮೇಲೆ ಬಯಲಿನದೇ ಧೂಳು ಹರಡಿದ್ದಾರೆ. ಈಗ ಅದು ಯಾರ ಕಣ್ಣಿಗೂ ಗಟ್ಟಿ ನೆಲವೇ. ಓಡಿಬರುವ ಸವಾರನ ಕಣ್ಣಿಗೂ ಅಷ್ಟೇ. ಹಾಗಾಗಿ ಈ ಮೆತ್ತನೆಯ ಹಾಸಿಗೆಯ ಬದಿಯಲ್ಲಿ ಗುರುತಿಗೆಂದು ಒಂದು ಚಮೀಸಾ ಪೊದೆ ನೆಡುತ್ತಾರೆ. ಪೊದೆಯ ಪಕ್ಕಕ್ಕೆ ಬಂದ ಕ್ಷಣ ಲಗಾಮು ಎಳೆಯಬೇಕು, ಪಳಗಿದ ಕುದುರೆ ಮಗ್ಗುಲಿಗೆ ಬೀಳುತ್ತದೆ.

ನಟನ ಬಟ್ಟೆ ತೊಟ್ಟು ನಿಜಕ್ಕೂ ಬೀಳುವವಳು ಅವರ ತಂಗಿಯ ಮಗಳು ಡೆಲ್ಫೀನಾ.

ಯುಸೇಬಿಯೊ ಕೂಡ ಹತ್ತೊಂಬತ್ತು ವರ್ಷ ಹೀಗೇ ಬಿದ್ದವರು. ಕೊನೆಯ ಸಲ ಯಾರೋ ಅವಸರದಲ್ಲಿ ತೋಡಿದ ಹಾಸಿಗೆಯಲ್ಲಿ ಮುಷ್ಟಿಗಾತ್ರದ ಕಲ್ಲೊಂದು ಉಳಿದಿತ್ತು. ಕುದುರೆ ಎದ್ದಿತು, ಇವರು ಏಳಲಿಲ್ಲ. ಸೊಂಟದ ಒಂದು ಬದಿಗೆ ಉಕ್ಕಿನ ಕೀಲು ಬಂತು. ಅಲ್ಲಿಂದೀಚೆಗೆ ಹನ್ನೊಂದು ವರ್ಷದಲ್ಲಿ ಇನ್ನೂರ ಹದಿನಾಲ್ಕು ಹಾಸಿಗೆ ಹಾಸಿದ್ದಾರೆ. ಒಂದು ಕುದುರೆಯೂ ಕುಂಟಿಲ್ಲ. ಹಾಸಿಗೆ ಸಿದ್ಧವಾದ ಮೇಲೆ ಅದರ ಮೇಲೆ ಮೊದಲು ಬೀಳುವವರೂ ಅವರೇ. ಇವತ್ತೂ ಅರವತ್ತಮೂರರ ಈ ಮನುಷ್ಯ ಧೊಪ್ಪನೆ ಬೀಳುತ್ತಾರೆ.

"ಏಳು ಮಾವ, ಮುರಿಯೋಕೆ ಸೊಂಟದ ಒಂದೇ ಬದಿ ಉಳಿದಿರೋದು" ಎಂದು ಡೆಲ್ಫೀನಾ ಕಿಚಾಯಿಸುತ್ತಾಳೆ.

"ನಿನ್ನದು ಉಳೀಲಿ ಅಂತ ಕಣೇ" ಎನ್ನುತ್ತಾರೆ ಮಾವ. ತಿನ್ನುತ್ತಿದ್ದ ಹಸಿಮೆಣಸಿನಕಾಯಿಯ ರೊಟ್ಟಿಸುರುಳಿ, ಬರೀಟೊ, ಅರ್ಧಕ್ಕೇ ಬಿಡುತ್ತಾರೆ. ಅವಳು ಬೀಳುವ ದಿನ ಅವರು ಹೊಟ್ಟೆತುಂಬ ತಿನ್ನುವುದಿಲ್ಲ. "ನಾನು ಬೀಳೋವಾಗ ಹೆದರಿಕೆ ಅನ್ನೋದೇ ಗೊತ್ತಿರಲಿಲ್ಲ. ಈಗ ನೋಡೋಕೆ ನಿಂತರೆ ಕೈಕಾಲು ತಣ್ಣಗಾಗುತ್ತೆ."

ಬಿಸಿಲು ಬೇಕಾದ ಕೋನಕ್ಕೆ ಬರುತ್ತದೆ. ಕಂದು ಕುದುರೆ ಕನೆಲಾ ದೂರದಿಂದ ಹೊರಡುತ್ತದೆ. ಕ್ಯಾಮೆರಾದ ಹಿಂದೆ ನಿಂತ ಯುಸೇಬಿಯೊ ರೂಢಿಯಂತೆ ಪೊದೆಯತ್ತ ನೋಡುತ್ತಾರೆ.  ಪೊದೆ ಬೆಟ್ಟದ ಸೀಳಿಗೆ ನೇರವಾಗಿ ಕಾಣಬೇಕಿತ್ತು, ಕಾಣುತ್ತಿಲ್ಲ. ಹತ್ತು ಹೆಜ್ಜೆ ಮುಂಚೆಯೇ, ಕಲ್ಲುನೆಲದ ಮೇಲೆ ನಿಂತಿದೆ. ಚಿತ್ರೀಕರಣಕ್ಕೆಂದು ಕಟ್ಟಿದ ಮಣ್ಣಿನ ಮನೆಯ ನೀಲಿ ಬಾಗಿಲಿಗೆ ಅಡ್ಡ ಬರುತ್ತಿದೆಯೆಂದು ಸೆಟ್ ಅಲಂಕಾರದವರೊಬ್ಬರು ಅದನ್ನು ಕಿತ್ತು ಅಲ್ಲಿ ನೆಟ್ಟಿದ್ದಾರೆ. ಅವರಿಗೆ ಅದು ಬರೀ ಪೊದೆ.

ಕೂಗಿದರೆ ಗೊರಸಿನ ಸದ್ದಿನಲ್ಲಿ ಕೇಳಿಸದು. ಯುಸೇಬಿಯೊ ಓಡುತ್ತಾರೆ. ಉಕ್ಕಿನ ಕೀಲು ಹಿಡಿದುಕೊಳ್ಳುತ್ತದೆ. ಕ್ಯಾಮೆರಾದ ಮುಂದೆಯೇ ನುಗ್ಗಿ ಹ್ಯಾಟು ಕಿತ್ತು ಬೀಸುತ್ತಾರೆ. ನಿರ್ದೇಶಕಿ ಹ್ಯಾನ್ಲಿ ಕಿರುಚುತ್ತಾರೆ, "ಯಾರ್ರೀ ಅದು? ಎಳೀರಿ ಆಚೆ!" ಡೆಲ್ಫೀನಾಳ ಕೈ ಲಗಾಮಿನ ಮೇಲೆ ಬಿಗಿಯಾಗಿದೆ. ಎಳೆಯುವುದಿಲ್ಲ. ಪೊದೆ ದಾಟಿ, ಹಾಸಿಗೆ ದಾಟಿ, ಮಾವನನ್ನೂ ದಾಟಿ ಓಡಿ ಹೋಗುತ್ತಾಳೆ.

"ಮಾವ ಹ್ಯಾಟು ತೆಗೆಯೋದು ಚರ್ಚಲ್ಲಿ, ಇಲ್ಲಾ ಸಾವಿನ ಮನೇಲಿ" ಎಂದು ಆಮೇಲೆ ಹೇಳುತ್ತಾಳೆ. "ಅದಕ್ಕೇ ಲಗಾಮು ಎಳೀಲಿಲ್ಲ." 

ವಿಷಯ ತಿಳಿದ ಹ್ಯಾನ್ಲಿ ಪೊದೆಗೆ ಕಾವಲು ಹಾಕುತ್ತೇನೆ ಎನ್ನುತ್ತಾರೆ. ಯುಸೇಬಿಯೊ ತಲೆಯಾಡಿಸುತ್ತಾರೆ. "ಕಾವಲು ಬೇಡ ಮೇಡಂ. ಹಳೇ ಕಾಲದ ಒಂದು ಕೋಟು ಕೊಡಿಸಿ. ಪೊದೆ ಜಾಗದಲ್ಲಿ ನಾನೇ ನಿಲ್ತೀನಿ. ಪೊದೆಯನ್ನ ಎತ್ತಿಟ್ಟರಲ್ಲ, ನನ್ನನ್ನ ಎತ್ತಿಡಲಿ ನೋಡೋಣ."

ಮರುದಿನ ಬೆಳಗ್ಗೆ ತೇಪೆ ಹಾಕಿದ ಕೋಟಿನಲ್ಲಿ ಅವರು ದಾರಿಬದಿಯ ಹಳ್ಳಿಗನಾಗಿ ನಿಲ್ಲುತ್ತಾರೆ. ಕುದುರೆ ಬೀಳುವ ಜಾಗ ಅವರಿಂದ ಎರಡು ಮಾರು ದೂರ. ಕನೆಲಾ ನುಗ್ಗಿ ಬರುತ್ತದೆ, ಕಾಲಡಿಯ ನೆಲ ಅದುರುತ್ತದೆ. ಡೆಲ್ಫೀನಾ ಲಗಾಮು ಎಳೆಯುತ್ತಾಳೆ. ಧೂಳು. ಕುದುರೆ ಮೈ ಕೊಡವಿ ಏಳುತ್ತದೆ. ಅದರ ಹಿಂದೆ ಅವಳೂ ಏಳುತ್ತಾಳೆ, ಬಾಯಿಂದ ಮಣ್ಣು ಉಗುಳುತ್ತ.

ಮೂರನೇ ಕಂತು ಪ್ರಸಾರವಾದ ಭಾನುವಾರ ಸಂಜೆ ತಂಗಿಯ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕೂತಿದ್ದಾರೆ. ಕುದುರೆ ಉರುಳುತ್ತದೆ. ಪಕ್ಕದಲ್ಲೊಬ್ಬ ಮುದುಕ ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿದ್ದಾನೆ. ನಿರ್ದೇಶಕಿಗೆ ಆ ಮುಖ ಬಹಳ ಹಿಡಿಸಿತಂತೆ, ಸತ್ತವನಿಗಾಗಿ ಪ್ರಾರ್ಥಿಸುವ ಹಾಗಿದೆ ಎಂದರಂತೆ.

"ಎಂಥಾ ನಟನೆ ಮಾವ!" ಎಂದು ಡೆಲ್ಫೀನಾ ಚಪ್ಪಾಳೆ ತಟ್ಟುತ್ತಾಳೆ.

"ನಟನೆ ಎಲ್ಲಿಂದ ಬಂತು? ಹೆದರಿಕೆ." ಯುಸೇಬಿಯೊ ತಮ್ಮ ಅಂಗೈ ನೋಡಿಕೊಳ್ಳುತ್ತಾರೆ. ಕೊನೆಯಲ್ಲಿ ಉರುಳಿದ ಹೆಸರುಗಳಲ್ಲಿ ಅವರದಿಲ್ಲ, ಅದನ್ನವರು ಹುಡುಕಲೂ ಇಲ್ಲ. ಅವರ ಆಸೆ ಬೇರೆಯೇ.

"ನೀನು ಬೀಳೋದನ್ನ ಒಂದು ಸಲಾನಾದ್ರೂ ಕಣ್ಣು ಬಿಟ್ಕೊಂಡು ನೋಡ್ಬೇಕು ಕಣೇ."